ಮಂಗಳವಾರದ ಗುಪ್ತ ಸಂಘ

ಲಾರಿ ಲೋಡ್ ಆಗುವವರೆಗೆ ಡ್ರೈವರ್‌ಗೆ ಮೊಬೈಲೇ ಗತಿ. ಸಂಡೂರಿನ ಗಣಿ ಮುಂದೆ ಲಾರಿಗಳ ಸಾಲಿನಲ್ಲಿ ನಿಂತು ಒಂದು ವಿಡಿಯೊ ನೋಡಿದೆ: ಐರ್ಲೆಂಡಿನ ರಾಜಕೀಯವನ್ನು ಯಾವುದೋ ಗುಪ್ತ ಸಂಘ ಒಳಗೊಳಗೇ ನಡೆಸುತ್ತದೆಂಬ ಅನುಮಾನವಂತೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಆ ದೇಶ ಯಾವ ದಿಕ್ಕಿಗಿದೆ ಎಂಬುದೂ ಗೊತ್ತಿಲ್ಲ. ನಮ್ಮೂರ ಸಂಘ ಮಾತ್ರ ಗೊತ್ತು.

ಗಾದಿಗನೂರಿನ ಹತ್ತಿರದ ನಮ್ಮೂರಲ್ಲಿ ಪಂಚಾಯ್ತಿಗೆ ಯಾರು ನಿಲ್ಲಬೇಕೆಂಬುದು ಮೊದಲೇ ತೀರ್ಮಾನವಾಗಿರುತ್ತದೆ. ಎಲ್ಲಿ, ಯಾವಾಗ ಎಂದು ಯಾರೂ ಹೇಳರು. ಈ ಸಲ ನಮ್ಮ ವಾರ್ಡು ಹೆಂಗಸರಿಗೆ ಬಂತು. ನಮ್ಮಕ್ಕ ಹುಲಿಗೆಮ್ಮ ನಿಲ್ಲುತ್ತೇನೆಂದಳು. ನಾಮಪತ್ರಕ್ಕೆ ಸೂಚಕರಾಗಿ ವಾರ್ಡಿನ ಮತದಾರರೊಬ್ಬರ ಸಹಿ ಬೇಕು. ನನ್ನ ವೋಟು ಹೊಸಪೇಟೆಯಲ್ಲಿದೆ. ಮನೆಮನೆ ತಿರುಗಿದೆವು. ಎಲ್ಲ ಕಡೆ ಒಂದೇ ಮಾತು: "ಹಿರೇರು ಆಗ್ಲೇ ಹೆಸರು ಹೇಳ್ಯಾರ. ನಮಗ್ಯಾಕ ಬೇಕ್ರಿ?"

ನಾಮಪತ್ರಕ್ಕೆ ಬುಧವಾರ ಕೊನೆಯ ದಿನ. ಮಂಗಳವಾರ ಕಟಿಂಗ್ ಅಂಗಡಿಗೆ ರಜೆ ಎಂಬುದು ನಿಮಗೂ ಗೊತ್ತು. ಆದರೂ ಅವತ್ತು ಮಧ್ಯಾಹ್ನ ಯರಿಸ್ವಾಮಿಯ ಅಂಗಡಿಯ ಶಟರ್ ಅರ್ಧವಷ್ಟೇ ಇಳಿದಿತ್ತು, ಹೊರಗೆ ಚಪ್ಪಲಿಗಳಿದ್ದವು. ಬಗ್ಗಿ ಒಳಗೆ ಹೋದೆ. ಐದು ಮಂದಿ ಹಿರಿಯರು ಕೊರಳಿಗೆ ಟವೆಲ್ ಸುತ್ತಿ, ತಲೆಗೂ ಮೀಸೆಗೂ ಕರಿ ಬಣ್ಣ ಮೆತ್ತಿಸಿಕೊಂಡು ಸಾಲಾಗಿ ಕೂತಿದ್ದರು. ಬೇರೆ ದಿನ ಬಂದರೆ ಜನ ನೋಡುತ್ತಾರೆ. ಬಣ್ಣ ಹಿಡಿಯಲು ಅರ್ಧ ತಾಸು ಬೇಕು. ಆ ಅರ್ಧ ತಾಸಿನಲ್ಲೇ ನಮ್ಮ ಮೆಂಬರು ಹುಟ್ಟುತ್ತಾರೆ.

"ಲೇ, ಹೊರಗ ನಡೀಲೇ. ಇವತ್ತು ರಜಾ," ಅಂದರು ಅವರಲ್ಲೊಬ್ಬರಾದ ಬಸಪ್ಪ ಮಾವ.

ನಾನು ಹೊರಗೆ ನಿಂತಿದ್ದ ಅಕ್ಕನನ್ನು ಒಳಗೆ ಕರೆದೆ. ಆ ಅಂಗಡಿಗೆ ಹೆಂಗಸರು ಕಾಲಿಟ್ಟವರಲ್ಲ. ಅಕ್ಕ ಕನ್ನಡಿಗೆ ಬೆನ್ನು ಮಾಡಿ ನಿಂತಳು.

"ಮಾವ, ಒಂದು ಸಹಿ ಹಾಕ್ರಿ."

"ಆಮ್ಯಾಲ ಮಾತಾಡೋಣ, ಈಗ ಹೋಗವ್ವ."

"ನೀವೂ ಎಲ್ಲಿಗೂ ಹೋಗಂಗಿಲ್ಲಲ್ರಿ. ಬಣ್ಣ ಹಿಡಿಯೋತನಕ ಕೇಳ್ರಿ."

ನಳದ ನೀರು, ಶಾಲೆಯ ಪಾಯಖಾನೆ, ಅದಿರಿನ ಧೂಳು, ಅಕ್ಕ ಒಂದನ್ನೂ ಬಿಡಲಿಲ್ಲ. ಆ ತಲೆ ಹೊತ್ತು ಬೀದಿಗೆ ಓಡುವ ಧೈರ್ಯ ಒಬ್ಬರಿಗೂ ಇರಲಿಲ್ಲ. ಬೆವರಿನ ಜೊತೆ ಬಣ್ಣ ಹಣೆಯ ಮೇಲೆ ಗೆರೆಗೆರೆಯಾಗಿ ಇಳಿಯಿತು. ಕೇಳಿದರು, ಒಪ್ಪಲಿಲ್ಲ. ತಲೆ ತೊಳೆಸಿಕೊಂಡು, ಹತ್ತು ವರ್ಷ ಚಿಕ್ಕವರಾಗಿ ಹೊರಟರು.

ಇಷ್ಟು ವರ್ಷ ಎಲ್ಲ ತೀರ್ಮಾನ ಕೇಳಿಯೂ ಬಾಯಿ ಬಿಡದಿದ್ದ ಯರಿಸ್ವಾಮಿ ಬಣ್ಣದ ಬಟ್ಟಲು ಕೆಳಗಿಟ್ಟ. "ಕೊಡವ್ವ ಇಲ್ಲಿ. ನಂದೂ ಇದೇ ವಾರ್ಡು."

"ನಾಳಿಂದ ಅವ್ರು ಬರದಿದ್ರ?" ಅಂದೆ ನಾನು.

"ಬರ್ತಾರ. ಕೂದ್ಲಾ ಬೆಳ್ಳಗಾಗೋದು ನಿಲ್ಲಂಗಿಲ್ಲ."

ಸಹಿಯ ಪಕ್ಕದಲ್ಲಿ ಅವನ ಹೆಬ್ಬೆರಳಿನ ಕರಿ ಬಣ್ಣ ಉಳಿಯಿತು. ಬುಧವಾರ ನಾಮಪತ್ರ ತೆಗೆದುಕೊಂಡ ಅಧಿಕಾರಿ ಆ ಕಲೆ ಏನೆಂದು ಕೇಳಿದರು.

"ನಮ್ಮ ಸೂಚಕರದ್ರಿ," ಅಂದಳು ಅಕ್ಕ.