ನಮ್ಮಲ್ಲಿ ಜೀತ ಇಲ್ಲ

ಪುತ್ತೂರಿನಲ್ಲಿ ಮನೆ ಬದಲಿಸುವವರಿಗೆಲ್ಲ ಮೂಸಕುಂಞಿ ಗೊತ್ತು. ಕಬ್ಬಿಣದ ಕಪಾಟನ್ನು ಇಕ್ಕಟ್ಟಿನ ಮೆಟ್ಟಿಲಲ್ಲಿ ಗೋಡೆಗೆ ತಾಗಿಸದೆ ಇಳಿಸುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಆ ವಿದ್ಯೆ ಕಲಿತದ್ದು ಸೌದಿಯ ದಮಾಮಿನಲ್ಲಿ. ಅಲ್ಲಿ ಸಾಮಾನು ಸಾಗಿಸುವ ಕಂಪೆನಿಯೊಂದರಲ್ಲಿ ಪ್ರಾಯವನ್ನೆಲ್ಲ ಕಳೆದು ಊರಿಗೆ ಬಂದವರು ಒಂದು ಲಾರಿ ಕೊಂಡು ‘ಸಲಾಮತ್ ಶಿಫ್ಟಿಂಗ್’ ಎಂದು ಹೆಸರಿಟ್ಟರು.

ದಮಾಮಿನಿಂದ ಅವರು ಒಂದು ಕತೆಯನ್ನೂ ತಂದಿದ್ದರು. ಅಲ್ಲಿನ ಯಜಮಾನ ಮೊದಲ ದಿನವೇ ಪಾಸ್‌ಪೋರ್ಟ್ ತೆಗೆದುಕೊಂಡು ತಿಜೋರಿಯಲ್ಲಿಟ್ಟಿದ್ದ. “ನಿಮ್ಮ ರೂಮಿನಲ್ಲಿದ್ದರೆ ಕಳೆದುಹೋಗುತ್ತದೆ, ನನ್ನಲ್ಲಿ ಜೋಪಾನ” ಎಂದಿದ್ದ. ಊರಿನಲ್ಲಿ ಹೆತ್ತ ಉಮ್ಮ ತೀರಿಕೊಂಡಾಗ ಹೋಗಿಬರುತ್ತೇನೆಂದರೆ, “ರಂಝಾನ್ ಕಳೆಯಲಿ” ಎಂದ. ಮೂಸಕುಂಞಿಗೆ ಉಮ್ಮನ ಮುಖ ನೋಡಲು ಸಿಗಲಿಲ್ಲ. ಲಾರಿಯಲ್ಲಿ ಪಕ್ಕ ಕುಳಿತ ಗಿರಾಕಿಗಳಿಗೆಲ್ಲ ಈ ಕತೆ ಪುಕ್ಕಟೆ. ಪುತ್ತೂರು ಪೇಟೆ ದಾಟುವಾಗ ಶುರುವಾದರೆ ಕಾಣಿಯೂರು ಮುಟ್ಟುವಷ್ಟರಲ್ಲಿ ಗಿರಾಕಿಯ ಕಣ್ಣೂ ಒದ್ದೆ.

ಹೀಗಿರುವಾಗ ಮಂಗಳೂರಿನ ಒಂದು ದೊಡ್ಡ ಫೈನಾನ್ಸ್ ಕಂಪೆನಿ ಪುತ್ತೂರು, ಸುಳ್ಯ, ಕಡಬದ ತನ್ನ ಶಾಖೆಗಳನ್ನು ಹೊಸ ಕಟ್ಟಡಗಳಿಗೆ ಸಾಗಿಸುವ ಕೆಲಸವನ್ನು ಅವರಿಗೆ ಕೊಡಲು ಮುಂದೆ ಬಂತು. ಷರತ್ತು ಒಂದೇ. ಕೆಲಸ ಹಿಡಿದವರಲ್ಲಾಗಲಿ, ಅವರಿಗೆ ಆಳು ಒದಗಿಸುವವರಲ್ಲಾಗಲಿ ‘ಆಧುನಿಕ ಗುಲಾಮಗಿರಿ’ ಇರಬಾರದು, ಆ ನೀತಿ ಎಲ್ಲರಿಗೆ ಕಾಣುವಂತೆ ಬರೆದಿರಬೇಕು. ಗುಲಾಮಗಿರಿಯ ಮಾತೆತ್ತಿದರೆ ಮೂಸಕುಂಞಿಗಿಂತ ಹೆಚ್ಚು ತಿಳಿದವರುಂಟೆ? ಮರುದಿನವೇ ಪೈಂಟರನ್ನು ಕರೆಸಿ ಅಂಗಡಿಯ ಹಣೆಗೆ ಕೆಂಪಕ್ಷರದಲ್ಲಿ ಬರೆಸಿದರು: ‘ನಮ್ಮಲ್ಲಿ ಜೀತ ಇಲ್ಲ.’

ಹೆಂಡತಿ ಪಾತು ಅದನ್ನು ನೋಡಿ ಕೇಳಿದಳು: “ಇಲ್ಲದ್ದನ್ನು ಬರೆಸುದು ಎಂತಕ್ಕೆ? ಹೋಟೆಲಿನವರು ‘ನಮ್ಮಲ್ಲಿ ವಿಷ ಇಲ್ಲ’ ಅಂತ ಬರೆಸ್ತಾರಾ?”

“ಅದು ಕಂಪೆನಿ ವಿಷಯ, ನಿಂಗೆ ಗೊತ್ತಾಗುದಿಲ್ಲ.”

ಪರಿಶೀಲನೆಗೆ ಬಂದವಳು ಭವಿತಾ ಎಂಬ ಹುಡುಗಿ, ಕಂಪೆನಿಯ ಅಧಿಕಾರಿ. ಬೋರ್ಡಿನ ಫೋಟೋ ತೆಗೆದಳು. ಮೂಸಕುಂಞಿಯ ಬಳಿ ಜಾರ್ಖಂಡಿನ ನಾಲ್ವರು ಆಳುಗಳಿದ್ದರು. ಅವರನ್ನು ಸಾಲಾಗಿ ನಿಲ್ಲಿಸಿ, ಏನಾದರೂ ತೊಂದರೆ ಉಂಟೇ ಎಂದು ಹಿಂದಿಯಲ್ಲಿ ಕೇಳಿದಳು. ಮೂಸಕುಂಞಿ ಪಕ್ಕದಲ್ಲೇ ನಿಂತು ಎಲ್ಲರಿಗೂ ಚಹಾ ಹಂಚುತ್ತಿದ್ದರು. ತೊಂದರೆ ಇಲ್ಲವೆಂದು ನಾಲ್ವರೂ ಹೇಳಿದರು. ದಮಾಮಿನ ಕತೆಯನ್ನೂ ಕೇಳಿದ ಭವಿತಾ ಕಣ್ಣೊರೆಸಿಕೊಂಡು, “ನಿಮ್ಮಂಥವರು ಬೇಕು ಮೂಸಾಕ” ಎಂದು ಹೇಳಿ ಹೋದಳು. ಕೆಲಸ ಸಿಕ್ಕಿತು.

ಆ ನಾಲ್ವರ ಆಧಾರ್ ಕಾರ್ಡುಗಳು ಮೂಸಕುಂಞಿಯ ಮಲಗುವ ಕೋಣೆಯ ಕಪಾಟಿನಲ್ಲಿದ್ದವು. ಅದನ್ನು ಅವರು ಮುಚ್ಚಿಟ್ಟಿರಲಿಲ್ಲ, ಯಾರೂ ಕೇಳಿರಲಿಲ್ಲ, ಅಷ್ಟೆ. ಆಳುಗಳನ್ನು ಕೊಟ್ಟದ್ದು ನೆಟ್ಟಣದ ಕುಶಾಲಪ್ಪ. ಸ್ಟೇಷನ್ನಿನಲ್ಲಿ ರೈಲಿಳಿದವರನ್ನು ಸುತ್ತಲಿನ ಊರುಗಳಿಗೆ ಹಂಚುವ ಏಜೆಂಟ್. ಲಾರಿ ಮಾರಿದವನು ಆರ್‌ಸಿ ಕೊಡುವ ಹಾಗೆ ಅವನು ಆಳಿನ ಜೊತೆ ಕಾರ್ಡನ್ನೂ ಕೊಟ್ಟಿದ್ದ. ಕಳೆದುಹೋಗದಿರಲೆಂದು ಮೂಸಕುಂಞಿ ಬೀಗ ಹಾಕಿಟ್ಟಿದ್ದರು.

ಒಂದು ಸಂಜೆ ಸುಖ್‌ರಾಮ್ ಎಂಬ ಆಳು ಮನೆಗೆ ಬಂದು ಬಾಗಿಲಲ್ಲಿ ನಿಂತ. ಹೆಂಡತಿಗೆ ಹೆರಿಗೆ ಹತ್ತಿರವಾಗಿದೆ, ಊರಿಗೆ ಹೋಗಬೇಕು, ಕಾರ್ಡು ಬೇಕು ಎಂದ.

“ಈಗಲಾ? ಈ ಶಿಫ್ಟಿಂಗ್ ಮುಗೀಲಿ” ಎಂದರು ಮೂಸಕುಂಞಿ. ಅವನು ತಲೆ ತಗ್ಗಿಸಿ ಹೋದ.

ಅಡುಗೆಮನೆಯಿಂದ ಪಾತುವಿನ ಸ್ವರ ಬಂತು: “ಶಿಫ್ಟಿಂಗ್ ಅಂತ ಯಾಕೆ ಹೇಳಿದ್ದು? ರಂಝಾನ್ ಕಳೀಲಿ ಅಂತ ಹೇಳ್ಬಹುದಿತ್ತಲ್ಲ.”

ಮೂಸಕುಂಞಿಗೆ ಸಿಟ್ಟು ಬಂತು. “ಆ ದಮಾಮಿನವನೂ ನಾನೂ ಒಂದಾ? ನಾನು ಇವರಿಗೆ ಹಬ್ಬಕ್ಕೆ ಬಿರಿಯಾನಿ ಕೊಡುದಿಲ್ವಾ?”

“ಅವನು ನಿಮಗೆ ಆಡು ಕೊಯ್ದು ಊಟ ಹಾಕಿದ್ದ ಅಂತ ನೀವೇ ಹೇಳುದು.”

ಮೂಸಕುಂಞಿ ಆ ದಿನ ಮೀನು ಸಾರನ್ನೂ ಮುಟ್ಟಲಿಲ್ಲ. ಬೆಳಿಗ್ಗೆ ಎದ್ದು ನಾಲ್ಕೂ ಕಾರ್ಡುಗಳನ್ನು ಒಯ್ದು ಅವರವರ ಕೈಗೆ ಕೊಟ್ಟರು. ಕೊಡುವಾಗ ಎದೆಯೊಳಗೆ ಏನೋ ದೊಡ್ಡದಾದಂತೆ ಅನಿಸಿತು. ಆ ಸುಖ ಹೆಚ್ಚು ಬಾಳಲಿಲ್ಲ. ಸುಖ್‌ರಾಮ್ ಊರಿಗೆ ಹೊರಟ, ಅದೇ ವಾರ ಉಳಿದ ಮೂವರೂ ಹೆಚ್ಚು ಕೂಲಿಗೆಂದು ಕೇರಳದ ಕಡೆ ಹೋದರು.

ಹೊಸ ಆಳು ಹುಡುಕಿಕೊಂಡು ಮೂಸಕುಂಞಿ ಒಂದು ಭಾನುವಾರ ನೆಟ್ಟಣಕ್ಕೆ ಹೋದರು. ಕುಶಾಲಪ್ಪನ ಮನೆಯ ಹಿಂದೆ ತಗಡಿನ ಮಾಡಿನ ಉದ್ದ ಕೋಣೆ. ಹೊರಗಿನಿಂದ ಬೀಗ. ಒಳಗೆ ಯಾರೋ ಕೆಮ್ಮುತ್ತಿದ್ದರು.

“ಎಂತ ಇದು ಕುಶಾಲಪ್ಪಣ್ಣ? ಒಳಗೆ ಜನ ಉಂಟಲ್ಲ!”

“ಭಾಷೆ ಗೊತ್ತಿಲ್ಲದವರು ಮಾರಾಯ್ರೆ, ಹೊರಗೆ ಬಿಟ್ರೆ ದಾರಿ ತಪ್ಪಿ ಹೋಗ್ತಾರೆ. ಅವರ ಒಳ್ಳೇದಕ್ಕೇ.”

“ಬೀಗ ತೆಗೀರಿ.”

ಕುಶಾಲಪ್ಪ ನಕ್ಕ. “ನಿಮ್ಮ ಆ ಫೈನಾನ್ಸಿನವರ ಶಾಖೆ ಗುಡಿಸುವವರು, ಕಾವಲಿನವರು, ಎಲ್ಲ ಇಲ್ಲಿಯವರೇ. ಅಷ್ಟು ದೊಡ್ಡವರು ಕೇಳುದಿಲ್ಲ, ನೀವು ಎಂತ ಕೇಳುದು?”

ಮೂಸಕುಂಞಿ ಆಳು ತಾರದೆ ಹಿಂದಿರುಗಿದರು. ದಾರಿಯಲ್ಲೇ ಲಾರಿ ನಿಲ್ಲಿಸಿ ಭವಿತಾಳಿಗೆ ಫೋನ್ ಮಾಡಿದರು. ಬೀಗದ ವಿಷಯ ಹೇಳಿದರು, ತಮ್ಮ ಕಪಾಟಿನ ವಿಷಯವನ್ನೂ ಹೇಳಿದರು.

ಹುಡುಗಿ ಸುಮ್ಮನೆ ಕೂರಲಿಲ್ಲ. ಕಾರ್ಮಿಕ ಇಲಾಖೆಯವರನ್ನೂ ಪೊಲೀಸರನ್ನೂ ಕರೆದುಕೊಂಡು ತಾನೇ ನೆಟ್ಟಣಕ್ಕೆ ಬಂದಳು. ಬೀಗ ಒಡೆಯಿತು, ಕಾರ್ಡುಗಳು ಅವರವರಿಗೆ ಸೇರಿದವು, ಕುಶಾಲಪ್ಪನ ಮೇಲೆ ಕೇಸಾಯಿತು.

ಕೆಲವು ವಾರ ಕಳೆದು ಭವಿತಾ ಪುತ್ತೂರಿಗೆ ಬಂದಳು. ಕೊಟ್ಟ ಚಹಾ ಕುಡಿಯದೆ ಲೋಟ ತಿರುಗಿಸುತ್ತಾ ಕುಳಿತಳು. ಕುಶಾಲಪ್ಪನಿಂದ ಆಳು ಪಡೆದವರನ್ನೆಲ್ಲ ಕಂಪೆನಿ ಕೈಬಿಟ್ಟಿದೆ, ಸಲಾಮತ್ ಶಿಫ್ಟಿಂಗನ್ನೂ, ಎಂದಳು.

“ಹೇಳಿದ್ದೇ ನಾನಲ್ವಾ?”

“ಅದಕ್ಕೇ ಅಂತೆ ಮೂಸಾಕ. ನೀವೇ ಒಪ್ಪಿಕೊಂಡ ಹಾಗಾಯ್ತಲ್ಲ.”

“ಕಂಪೆನಿಯವರೂ ಅವನಿಂದಲೇ ಆಳು ತಕೊಂಡಿದ್ರಲ್ಲ?”

“ಕಂಪೆನಿಗೆ ತನ್ನನ್ನೇ ಕೈಬಿಡ್ಲಿಕ್ಕೆ ಆಗುದಿಲ್ಲ” ಎಂದಳು ಭವಿತಾ. ತಮಾಷೆಗೆ ಹೇಳಿದ್ದಲ್ಲ. ಆದರೂ ಒಳಗಿನಿಂದ ಪಾತು ನಕ್ಕದ್ದು ಇಬ್ಬರಿಗೂ ಕೇಳಿಸಿತು. ಮೊದಲು ಮೂಸಕುಂಞಿ ನಕ್ಕರು, ಕೊನೆಗೆ ಭವಿತಾಳೂ.

ಸುಖ್‌ರಾಮ್ ಮಗಳು ಹುಟ್ಟಿದ ಸುದ್ದಿಯೊಂದಿಗೆ ಭಾವಮೈದುನನನ್ನೂ ಕರೆದುಕೊಂಡು ಮರಳಿದ. ಈಗ ಆ ಇಬ್ಬರು ಬೇಕಾದಾಗ ರಜೆ ಹಾಕುತ್ತಾರೆ, ಕೂಲಿಗೆ ಚೌಕಾಸಿ ಮಾಡುತ್ತಾರೆ. ಮೂಸಕುಂಞಿ ಬೈಯುತ್ತಾರೆ, ಒಪ್ಪುತ್ತಾರೆ. ಮೊನ್ನೆ ಕೋಡಿಂಬಾಳದಲ್ಲಿ ವಾರಿಜಾಕ್ಷಿ ಟೀಚರ ಮನೆ ಖಾಲಿ ಮಾಡುವ ದಿನ ಇಬ್ಬರೂ ಬಂದಿರಲಿಲ್ಲ.

“ಆಳು ಎಲ್ಲಿ ಮಾರಾಯ್ರೆ?” ಎಂದು ಟೀಚರು ಗಾಬರಿಯಾದರು.

“ರಜೆಯಲ್ಲಿದ್ದಾರೆ ಟೀಚರೇ. ನಿಮ್ಮ ಯಜಮಾನ್ರನ್ನು ಸ್ವಲ್ಪ ಕರೀರಿ, ಫ್ರಿಜ್ಜಿನ ಆ ತುದಿ ಹಿಡೀಲಿ” ಎಂದರು ಮೂಸಕುಂಞಿ, ಲುಂಗಿ ಮಡಚಿ ಕಟ್ಟುತ್ತಾ.