ಒಳಗಡೆಯ ಹ್ಯಾಂಡಲ್

ಊರಿಗೆಲ್ಲ ಬೀಗ ಹಾಕುತ್ತಾನೆ, ತನ್ನ ಬಾಯಿಗೊಂದು ಹಾಕಲಾರ ಅಂತ ನೆರೆಹೊರೆಯವರು ಅವನನ್ನು ಆಡಿಕೊಳ್ಳುತ್ತಿದ್ದರು. ಸುಳ್ಳೇನಲ್ಲ. ಕಟ್ಟಡಗಳಿಗೆ ಕಾರ್ಡ್ ಬಾಗಿಲು ಕೂರಿಸುವುದು ಅವನ ಕಸುಬು. ಯಾರಾದರೂ ಕಿವಿಗೊಟ್ಟರೆ ಸಾಕು, ಗೋಡೆಯ ಡಬ್ಬಿ ಕಾರ್ಡಿನ ನಂಬರ್ ಓದುತ್ತದೆ, ಒಳಗಿನ ಪೆಟ್ಟಿಗೆ ತನ್ನ ಪಟ್ಟಿಯಲ್ಲಿ ಆ ನಂಬರ್ ಹುಡುಕುತ್ತದೆ, ಸಿಕ್ಕರೆ ಬೀಗಕ್ಕೆ ಹೇಳಿಕಳಿಸುತ್ತದೆ ಅಂತ ಶುರು ಹಚ್ಚಿಕೊಳ್ಳುತ್ತಿದ್ದ. "ಬೀಗದಲ್ಲಿ ಎರಡು ಜಾತಿ ಕಣಪ್ಪಾ. ಕರೆಂಟ್ ಹೋದರೆ ಕೈ ಬಿಡೋದು ಒಂದು, ಹೋದರೂ ಕಚ್ಚಿಕೊಂಡಿರೋದು ಇನ್ನೊಂದು. ಒಂದು ಜನರನ್ನ ಕಾಯತ್ತೆ, ಇನ್ನೊಂದು ಸಾಮಾನನ್ನ."

ಹೆಂಡತಿಯ ತಮ್ಮ ಅವರ ಮನೆಯಲ್ಲೇ ಇದ್ದ. ನಲವತ್ತು ದಾಟಿದ್ದರೂ ಒಂಟಿ; ಒಂದು ಬಟ್ಟೆ ಗೋದಾಮಿನಲ್ಲಿ ಗಂಟು ಕಟ್ಟುತ್ತಿದ್ದ. "ಭಾವಾ, ನಿನಗೆ ಕರೆಂಟ್ ಹೋದರೂ ಮಾತು ನಿಲ್ಲಲ್ಲ, ನೀನು ಯಾವ ಜಾತಿ?" ಅಂತ ಕಾಲೆಳೆಯುತ್ತಿದ್ದ. ಊಟಕ್ಕೆ ಕೂತಾಗ ಬೀಗದ ಪುರಾಣ ತೆಗೆಯಕೂಡದು ಅಂತ ಅಕ್ಕನ ಕಟ್ಟಪ್ಪಣೆ ಬಿದ್ದದ್ದೂ ಈ ಇಬ್ಬರ ದೆಸೆಯಿಂದಲೇ.

ಆ ಗೋದಾಮಿನ ಬಾಗಿಲಿಗೆ ಮೊದಲು ಮ್ಯಾಗ್ನೆಟ್ ಬೀಗ ಹಾಕಿದ್ದವನು ಇವನೇ. ಕರೆಂಟ್ ಹೋದಾಗಲೆಲ್ಲ ಬಾಗಿಲು ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. ಎರಡು ಸಲ ಬಟ್ಟೆ ಕಳುವಾಯಿತು. ಗೋದಾಮಿನ ಯಜಮಾನ ಇವನನ್ನು ಕರೆಸಿ, ಕಚ್ಚಿಕೊಂಡಿರುವ ಬೀಗವನ್ನೇ ಹಾಕು ಅಂದ. ಹಾಗೆ ಹಾಕುವುದಾದರೆ ಒಳಗಡೆ ಒಂದು ಹ್ಯಾಂಡಲ್ ಇರಲೇಬೇಕು, ಒತ್ತಿದರೆ ಕರೆಂಟಿನ ಹಂಗಿಲ್ಲದೆ ತೆರೆಯುವಂಥದು. ಅದಿನ್ನೂ ಅಂಗಡಿಗೆ ಬಂದಿರಲಿಲ್ಲ. ಯಜಮಾನನದು ಅವಸರ. ಇವನು ಬೀಗ ಕೂರಿಸಿದ, ಒಳಗೂ ಒಂದು ಕಾರ್ಡ್ ಡಬ್ಬಿ ಅಂಟಿಸಿದ, ಗುರುವಾರ ಬಂದು ಹ್ಯಾಂಡಲ್ ಹಾಕ್ತೀನಿ ಅಂದ. ಹ್ಯಾಂಡಲ್ ಬುಧವಾರವೇ ಬಂತು. ಗುರುವಾರ ಇನ್ನೊಂದು ಕಡೆಯಿಂದ ದೊಡ್ಡ ಕೆಲಸ ಕರೆಯಿತು, ಅತ್ತ ಹೋದ.

ಶನಿವಾರ ಮಧ್ಯಾಹ್ನ ಗೋದಾಮಿನ ಸ್ವಿಚ್ಚು ಸುಟ್ಟು ಬಟ್ಟೆಗೆ ಕಿಡಿ ಹತ್ತಿತು. ಯಾರೋ ಹೊರಗಿನಿಂದ ಮೇನ್ ಆಫ್ ಮಾಡಿದರು. ಅದು ಸರಿಯಾದ ಕೆಲಸವೇ. ಆದರೆ ಒಳಗಿನ ಡಬ್ಬಿಯ ದೀಪವೂ ಆರಿತು. ಬಾಗಿಲು ಒಡೆದು ನೋಡಿದಾಗ, ಒಳಗೆ ಒಬ್ಬನೇ ಇದ್ದ ಭಾವಮೈದ ಹೊಗೆಗೆ ಉಸಿರುಕಟ್ಟಿ ಹೊಸ್ತಿಲ ಹತ್ತಿರವೇ ಸತ್ತು ಬಿದ್ದಿದ್ದ, ಕೈಯಲ್ಲಿ ಕಾರ್ಡ್ ಹಾಗೇ ಇತ್ತು.

ಯಜಮಾನ ಇವನನ್ನು ಪಕ್ಕಕ್ಕೆ ಕರೆದು, ಬೀಗ ಬದಲಿಸಿದ್ದು ಯಾರೋ ಹೊರಗಿನವನು, ಅವನ ಗುರುತು ನಮಗಿಲ್ಲ, ಇಬ್ಬರೂ ಹೀಗೇ ಹೇಳೋಣ ಅಂದ. ಇವನು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಯಜಮಾನ ಎಲ್ಲರ ಮುಂದೆ ಹಾಗೇ ಹೇಳಿಬಿಟ್ಟ. ಹನ್ನೊಂದು ದಿನ ಮಾತೇ ಆಡಲಿಲ್ಲ. ಭಾವಮೈದನ ಮೇಲೆ ಎಷ್ಟು ಪ್ರೀತಿ ನೋಡಿ, ಅರ್ಧ ಇಳಿದುಹೋಗಿದ್ದಾನೆ ಅಂತ ನೆರೆಯವರು ಮರುಗಿದರು.

ಹನ್ನೆರಡನೆಯ ದಿನ ಬೆಳಿಗ್ಗೆ ಹೆಂಡತಿ ತಟ್ಟೆ ಇಟ್ಟು ಎದುರು ಕೂತಳು. "ನೀವು ಹಾಕಿದ ಬೀಗವೇ ಇದ್ದಿದ್ದರೆ ನನ್ನ ತಮ್ಮ ನಡಕೊಂಡು ಮನೆಗೆ ಬರ್ತಿದ್ದ ಕಣ್ರೀ. ಅದನ್ನ ಬದಲಾಯಿಸಿದೋನ ಕೈ ಸೇದಿಹೋಗಲಿ."

ಅವನು ಎತ್ತಿದ್ದ ತುತ್ತನ್ನು ತಟ್ಟೆಗಿಳಿಸಿದ.

"ಬದಲಾಯಿಸಿದ್ದು ನಾನೇ," ಅಂದ. ಬುಧವಾರದ್ದು, ಗುರುವಾರದ್ದು, ಯಜಮಾನ ಹೇಳಿಕೊಟ್ಟದ್ದು, ಒಂದೂ ಬಿಡದೆ ಹೇಳಿದ.

ಅವಳು ಕೂಗಾಡಲಿಲ್ಲ. ಇಷ್ಟೇ ಕೇಳಿದಳು: "ಆ ಹ್ಯಾಂಡಲ್ ಹಾಕೋಕೆ ಎಷ್ಟು ಹೊತ್ತು ಬೇಕಿತ್ತು?"

"ಇಪ್ಪತ್ತು ನಿಮಿಷ."

ಅವಳು ಎದ್ದು, ಅವನು ಉಣ್ಣದೆ ಬಿಟ್ಟ ತಟ್ಟೆಯನ್ನು ಒಳಗೆ ಒಯ್ದಳು, ಮತ್ತೆ ಹೊರಗೆ ಬರಲಿಲ್ಲ. ಅವನು ಕೈ ತೊಳೆದ, ಒಗೆದ ಅಂಗಿ ತೊಟ್ಟ. ಪೊಲೀಸ್ ಠಾಣೆಗೆ ಹೋಗಿ ಎಲ್ಲ ಬರೆಸಿ ಬರ್ತೀನಿ ಅಂತ ಅಡುಗೆಮನೆಯ ಕಡೆ ಮುಖ ಮಾಡಿ ಹೇಳಿದ. ಒಳಗೆ ನಲ್ಲಿಯ ನೀರು ಸುರಿಯುತ್ತಲೇ ಇತ್ತು. ಬರ್ತೀನಿ ಅಂದದ್ದು ಹೆಚ್ಚಾಯಿತೇನೋ ಅನ್ನಿಸಿ, "ಹೋಗ್ತೀನಿ" ಅಂತ ತಿದ್ದಿಕೊಂಡು ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿದ.