ಎರಡನೇ ಬಾಟಲಿಯ ಆಮ್ಲ

ಶಾಲೆಯ ಮಕ್ಕಳೆಲ್ಲ ಅವಳನ್ನು ಲ್ಯಾಬ್ ಅಕ್ಕ ಎಂದೇ ಕರೆಯುತ್ತಿದ್ದರು. ಕೆಲಸಕ್ಕೆ ಸೇರಿದಾಗ ಇಪ್ಪತ್ತಮೂರು ವಯಸ್ಸು. ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆದು ಒರೆಸಿಡುವುದಷ್ಟೇ ಕೆಲಸ. ಹತ್ತನೇ ತರಗತಿಯಲ್ಲಿ ಅವಳು ನಪಾಸಾಗಿದ್ದು ವಿಜ್ಞಾನದಲ್ಲಿ. "ಯಾವುದು ಕೈ ಕೊಡ್ತೋ ಅದೇ ಅನ್ನ ಕೊಡ್ತಿದೆ ನೋಡು" ಎಂದು ಅವಳ ಗಂಡ ಚೇಷ್ಟೆ ಮಾಡುತ್ತಿದ್ದ. ಅವನದು ಹೊಲಿಗೆ ಯಂತ್ರ ರಿಪೇರಿ ಮಾಡುವ ಕಸುಬು. ಕೆಲಸದಲ್ಲಿ ಎಷ್ಟು ನಿಧಾನವೋ ಮಾತಿನಲ್ಲಿ ಅಷ್ಟು ಚುರುಕು.

ಅವಳು ಹುಟ್ಟಾ ಪುಕ್ಕಲು. ಮನೆ ಬೀಗ ಹಾಕಿ ಮೂಲೆಯವರೆಗೆ ಹೋದವಳು ತಿರುಗಿ ಬಂದು ಎಳೆದು ನೋಡುತ್ತಿದ್ದಳು. ಪಿಪೆಟ್ ಒಡೆದರೆ ಎರಡು ದಿನ ಊಟ ಸೇರುತ್ತಿರಲಿಲ್ಲ. ಈ ಭಯವನ್ನೇ ಗಮನಿಸಿ ಹಳೆಯ ಕೆಮಿಸ್ಟ್ರಿ ಮೇಷ್ಟ್ರು ಅವಳನ್ನು ತಕ್ಕಡಿಯ ಮುಂದೆ ಕೂರಿಸಿದರು. "ಹೆದರೋರೇ ಸರಿಯಾಗಿ ತೂಕ ಮಾಡೋದು. ಧೈರ್ಯವಂತರು ಅಂದಾಜಿಗೆ ಸುರೀತಾರೆ" ಎನ್ನುವುದು ಅವರ ಸಿದ್ಧಾಂತ.

ಮೇಷ್ಟ್ರು ತರಗತಿಯಲ್ಲಿ 'ಒಂದು ಮೋಲ್' ಎಂದಾಗಲೆಲ್ಲ ಅವಳ ಕಿವಿಗೆ ಮೊಲ ಎಂದೇ ಕೇಳುತ್ತಿತ್ತು. ಒಂದು ದಿನ ಧೈರ್ಯ ಮಾಡಿ, ಆಮ್ಲಕ್ಕೂ ಮೊಲಕ್ಕೂ ಏನು ಸಂಬಂಧ ಎಂದು ಕೇಳಿಯೇಬಿಟ್ಟಳು. ಅವರು ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಮೊಲ ಅಲ್ಲಮ್ಮ, ಮೊಳೆ ಅಂದ್ಕೋ. ಅಂಗಡಿಯವನು ಸಣ್ಣ ಮೊಳೆನ ಒಂದೊಂದೇ ಎಣಿಸಿ ಕೊಡ್ತಾನಾ? ತೂಕ ಮಾಡಿ ಕೊಡ್ತಾನೆ. ಇಷ್ಟು ತೂಕಕ್ಕೆ ಇಷ್ಟು ಮೊಳೆ ಅಂತ ಅವನಿಗೆ ಗೊತ್ತು. ಕಣಗಳೂ ಹಾಗೇ. ಎಣಿಸೋಕೆ ಆಗಲ್ಲ, ತೂಗಬಹುದು. ಒಂದು ಮೋಲ್ ಅಂದ್ರೆ ಡಜನ್ ಅಂದ ಹಾಗೆ, ಒಂದು ಲೆಕ್ಕ. ಡಜನ್ನಿಗೆ ಹನ್ನೆರಡು, ಇದಕ್ಕೆ ಊಹೆಗೂ ಸಿಗದಷ್ಟು."

ಅಂದಿನಿಂದ ಬಿಡುವಾದಾಗಲೆಲ್ಲ ಅವರು ಒಂದಿಷ್ಟು ಹೇಳಿಕೊಡುತ್ತಿದ್ದರು. ಸೋಡಿಯಂ ಎಲೆಕ್ಟ್ರಾನ್ ಕೊಡುತ್ತದೆ, ಕ್ಲೋರಿನ್ ತೆಗೆದುಕೊಳ್ಳುತ್ತದೆ, ಅದೊಂದು ಬಗೆಯ ಬಂಧ. ಕೆಲವು ಪರಮಾಣುಗಳು ಕೊಡುವುದೂ ಇಲ್ಲ, ತೆಗೆದುಕೊಳ್ಳುವುದೂ ಇಲ್ಲ, ಇಬ್ಬರದನ್ನೂ ಹಂಚಿಕೊಂಡು ಬಾಳುತ್ತವೆ, ಅದು ಇನ್ನೊಂದು ಬಗೆ. ಮನೆಗೆ ಹೋಗಿ ಇದನ್ನು ಹೇಳಿದಾಗ ಗಂಡ, "ನಮ್ಮದು ಯಾವ ಬಗೆ?" ಎಂದ. "ನೀವು ತಗೊಳ್ಳೋದು ಕಾಣ್ತಿದೆ, ಮಿಕ್ಕಿದ್ದು ಯೋಚನೆ ಮಾಡಿ ಹೇಳ್ತೀನಿ" ಎಂದಳು.

ಅವಳಿಗೆ ಬಾಯಿಪಾಠವಾಗಿದ್ದ ಲೆಕ್ಕವೆಂದರೆ ಆಕ್ಸಾಲಿಕ್ ಆಮ್ಲದ್ದು, ಪ್ರತಿ ವರ್ಷ ಪರೀಕ್ಷೆಗೆ ಬೇಕಾಗುತ್ತಿದ್ದದ್ದು. "ಇದರ ಹರಳು ಒಂಟಿಯಾಗಿರಲ್ಲ. ಎರಡು ನೀರಿನ ಕಣನ ಕಂಕುಳಲ್ಲಿ ಇಟ್ಕೊಂಡೇ ಇರುತ್ತೆ. ತಾಯಿದು ತೊಂಬತ್ತು, ಎರಡು ಮಕ್ಕಳದ್ದು ಹದಿನೆಂಟು ಹದಿನೆಂಟು. ಒಟ್ಟು ನೂರ ಇಪ್ಪತ್ತಾರು" ಎಂದಿದ್ದರು ಮೇಷ್ಟ್ರು. ಎರಡು ಲೀಟರಿಗೆ ಅದರ ಹತ್ತನೇ ಒಂದು ಪಾಲು, ಹನ್ನೆರಡು ಪಾಯಿಂಟ್ ಆರು ಗ್ರಾಂ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದಳು.

ಹತ್ತೊಂಬತ್ತು ವರ್ಷ ಹೀಗೆ ಸಾಗಿತು. ಹಳೆಯ ಮೇಷ್ಟ್ರು ನಿವೃತ್ತರಾದರು. ಅವರ ಜಾಗಕ್ಕೆ ಬಂದ ಹೊಸ ಮೇಷ್ಟ್ರು ಇನ್ನೂ ಮೂವತ್ತು ದಾಟದವರು, ಪಾಠ ಚೆನ್ನಾಗಿ ಮಾಡುತ್ತಿದ್ದರು, ಅವರ ಕೆಲಸ ಪಕ್ಕಾ ಆಗಲು ಇನ್ನೂ ಆರು ತಿಂಗಳಿತ್ತು. ಅವಳದ್ದಂತೂ ಅಷ್ಟೂ ವರ್ಷ ತಾತ್ಕಾಲಿಕವೇ. ಖಾಯಂ ಮಾಡುವವರ ಪಟ್ಟಿಯಲ್ಲಿ ಈ ಸಲ ಅವಳ ಹೆಸರಿದೆ, ಕಡತ ಮೇಲಿನ ಕಚೇರಿಗೆ ಹೋಗಿದೆ ಎಂದು ಗುಮಾಸ್ತರು ಹೇಳಿ ತಿಂಗಳಾಗಿತ್ತು. ಆ ತಿಂಗಳಿಡೀ ಅವಳು ಕಾಲಿಟ್ಟಲ್ಲೆಲ್ಲ ಗಾಜು ಹರಡಿದೆಯೇನೋ ಎಂಬಂತೆ ನಡೆದಾಡಿದ್ದಳು.

ಪ್ರಾಯೋಗಿಕ ಪರೀಕ್ಷೆಯ ಹಿಂದಿನ ಮಧ್ಯಾಹ್ನ ದ್ರಾವಣಗಳನ್ನು ತಯಾರಿಸಿದಳು. ನಲವತ್ತು ಮಕ್ಕಳಿಗೆ ನಾಲ್ಕು ಲೀಟರ್ ಆಮ್ಲ ಬೇಕು. ಹಳೆಯ ಡಬ್ಬಿಯಲ್ಲಿದ್ದ ಹರಳು ಮೊದಲ ಎರಡು ಲೀಟರಿಗೇ ತಳ ಕಂಡಿತು. ಹೊಸ ಡಬ್ಬಿ ಒಡೆದು ಇನ್ನೆರಡು ಲೀಟರ್ ಮಾಡಿದಳು. ಹೊಸದು ಹರಳು ಹರಳಾಗಿರದೆ ನುಣ್ಣಗೆ ಹಿಟ್ಟಿನಂತಿತ್ತು. ಹೊಸ ಮಾಲು, ಹಾಗಿರಬಹುದು ಎಂದುಕೊಂಡಳು. ಮೊದಲ ಬಾಟಲಿ ಮುಂದಿನ ಎರಡು ಸಾಲಿನ ಮೇಜುಗಳಿಗೆ, ಎರಡನೆಯದು ಹಿಂದಿನ ಎರಡು ಸಾಲಿಗೆ. ಹೊಸ ಮೇಷ್ಟ್ರು ಮೊದಲ ಬಾಟಲಿಯದನ್ನು ತೆಗೆದುಕೊಂಡು ಪರೀಕ್ಷಿಸಿ, ಅದಕ್ಕೆ ಸರಿಯಾಗಿ ಇಪ್ಪತ್ತು ಮಿಲಿ ಪರ್‌ಮ್ಯಾಂಗನೇಟ್ ಹಿಡಿಯಿತೆಂದು ಬರೆದಿಟ್ಟರು.

ಬೆಳಿಗ್ಗೆ ಹೊರಗಿನಿಂದ ಪರೀಕ್ಷಕಿ ಬಂದರು. ನರೆತ ಕೂದಲನ್ನು ಬಿಗಿಯಾಗಿ ಕಟ್ಟಿದ, ಬೇಡದ ಮಾತು ಒಂದೂ ಆಡದ ಹೆಂಗಸು. ಮಕ್ಕಳ ಕೆಲಸ ಇಷ್ಟೇ: ಪಿಪೆಟ್ಟಿನಿಂದ ಇಪ್ಪತ್ತು ಮಿಲಿ ಆಕ್ಸಾಲಿಕ್ ಆಮ್ಲ ತೆಗೆದು, ಬಿಸಿ ಮಾಡಿ, ಬ್ಯುರೆಟ್ಟಿನಿಂದ ನೇರಳೆ ಬಣ್ಣದ ಪರ್‌ಮ್ಯಾಂಗನೇಟನ್ನು ಹನಿ ಹನಿಯಾಗಿ ಬಿಡಬೇಕು. ಆಮ್ಲ ಇರುವಷ್ಟು ಹೊತ್ತು ನೇರಳೆ ಬಿದ್ದ ಕೂಡಲೇ ಮಾಯವಾಗುತ್ತದೆ. ಆಮ್ಲ ಮುಗಿದ ಕ್ಷಣ ಒಂದು ಹನಿ ತಿಳಿ ಗುಲಾಬಿಯಾಗಿ ಉಳಿದುಬಿಡುತ್ತದೆ. ಅಲ್ಲಿ ನಿಲ್ಲಿಸಿ, ಎಷ್ಟು ಖರ್ಚಾಯಿತೆಂದು ನೋಡಿ, ಗೊತ್ತಿರುವ ಆಮ್ಲದ ಸಾಂದ್ರತೆಯಿಂದ ನೇರಳೆಯದನ್ನು ಲೆಕ್ಕ ಮಾಡಬೇಕು.

ಮುಕ್ಕಾಲು ಗಂಟೆ ಕಳೆದಿತ್ತು. ಮೂರನೇ ಸಾಲಿನಿಂದ ಒಬ್ಬ ಹುಡುಗಿ ಕೈಯೆತ್ತಿದಳು. "ಅಕ್ಕಾ, ನೇರಳೆ ಖಾಲಿಯಾಯ್ತು. ಇನ್ನಷ್ಟು ಬೇಕು."

ಒಬ್ಬೊಬ್ಬರಿಗೂ ಎಂಬತ್ತು ಮಿಲಿ ಕೊಟ್ಟಿದ್ದಳು. ಮೂರು ಸಲ ಮಾಡಿದರೂ ಮಿಗಬೇಕು. ಚೆಲ್ಲಿರಬೇಕು ಎಂದುಕೊಂಡು ಕೊಟ್ಟಳು. ಅಷ್ಟರಲ್ಲಿ ನಾಲ್ಕನೇ ಸಾಲಿನಲ್ಲಿ ಎರಡು ಕೈ ಎದ್ದವು, ಪಕ್ಕದಲ್ಲಿ ಇನ್ನೊಂದು. ಮುಂದಿನ ಸಾಲುಗಳಲ್ಲಿ ಒಬ್ಬರೂ ಕೇಳಲಿಲ್ಲ.

ಇನ್ನಷ್ಟು ದ್ರಾವಣ ತರುವ ನೆಪದಲ್ಲಿ ಪಕ್ಕದ ಉಗ್ರಾಣದ ಕೋಣೆಗೆ ಹೋಗಿ ಹೊಸ ಡಬ್ಬಿಯನ್ನು ಕೆಳಗಿಳಿಸಿ ಚೀಟಿ ಓದಿದಳು. ಆಕ್ಸಾಲಿಕ್ ಆಮ್ಲ. ಸೂತ್ರದ ಕೊನೆಗೆ ಇರಬೇಕಿದ್ದ ಎರಡು ನೀರು ಇರಲಿಲ್ಲ. ಕೆಳಗೆ ಅಣುತೂಕ: ತೊಂಬತ್ತು.

ಮಕ್ಕಳನ್ನು ಮನೆಯಲ್ಲಿ ಬಿಟ್ಟು ತಾಯಿ ಒಬ್ಬಳೇ ಬಂದಿದ್ದಳು. ಲ್ಯಾಬ್ ಅಕ್ಕ ಎಂದಿನಂತೆ ಮೂವರ ತೂಕ ತೂಗಿದ್ದಳು.

ಗೋಡೆಗೆ ತೂಗುಹಾಕಿದ್ದ ಸಾಮಾನಿನ ಪಟ್ಟಿಯ ಹಿಂಬದಿಗೆ ಪೆನ್ಸಿಲಿನಿಂದ ಬರೆದಳು. ಹನ್ನೆರಡು ಪಾಯಿಂಟ್ ಆರನ್ನು ತೊಂಬತ್ತರಿಂದ ಭಾಗಿಸಿದರೆ ಸೊನ್ನೆ ಪಾಯಿಂಟ್ ಒಂದು ನಾಲ್ಕು ಮೋಲ್. ಎರಡು ಲೀಟರಿಗೆ ಹಂಚಿದರೆ ಸೊನ್ನೆ ಪಾಯಿಂಟ್ ಸೊನ್ನೆ ಏಳು. ಇರಬೇಕಿದ್ದದ್ದು ಸೊನ್ನೆ ಪಾಯಿಂಟ್ ಸೊನ್ನೆ ಐದು. ಐದಕ್ಕೆ ಇಪ್ಪತ್ತು ಮಿಲಿ ಬಂದರೆ ಏಳಕ್ಕೆ? ಇಪ್ಪತ್ತೆಂಟು. ತಪ್ಪಾಗಿರಲಿ ಎಂದು ಮತ್ತೆ ಮಾಡಿದಳು. ಮತ್ತೆ ಇಪ್ಪತ್ತೆಂಟೇ ಬಂತು.

ಪರ್‌ಮ್ಯಾಂಗನೇಟ್ ಜಗ್ಗು ಹಿಡಿದು ಮೂರನೇ ಸಾಲಿನ ಹಿಂದೆ ನಡೆದಳು. ಮೊದಲು ಕೈಯೆತ್ತಿದ್ದ ಹುಡುಗಿಯ ಹಾಳೆ ಕಣ್ಣಿಗೆ ಬಿತ್ತು. ಇಪ್ಪತ್ತೆಂಟು. ಇಪ್ಪತ್ತೆಂಟು ಪಾಯಿಂಟ್ ಒಂದು. ಇಪ್ಪತ್ತೆಂಟು.

ತನ್ನ ಕೈಯಾರೆ ಮಾಡಿದ ಲೆಕ್ಕ ಹೀಗೆ ಕಣ್ಣೆದುರು ನಿಜವಾದದ್ದು ಅವಳ ಜೀವನದಲ್ಲಿ ಅದೇ ಮೊದಲು. ಒಂದು ಕ್ಷಣ ಮೈ ಜುಮ್ಮೆಂದಿತು. ಅಷ್ಟರಲ್ಲೇ ಹುಡುಗಿ ಮುಂದಿನ ಸಾಲಿನ ಹುಡುಗನ ಹಾಳೆಯನ್ನು ಇಣುಕಿ ನೋಡಿ, ತುಟಿ ಕಚ್ಚಿಕೊಂಡು, ತನ್ನ ಮೂರು ಅಂಕಿಗಳನ್ನೂ ಹೊಡೆದುಹಾಕುತ್ತಿದ್ದಳು. ಕಣ್ಣಲ್ಲಿ ನೀರು ತುಂಬಿತ್ತು. ಮೂರು ಸಲ ಸರಿಯಾಗಿ ಮಾಡಿದ ಮಗು ತನ್ನ ಕೈಯನ್ನೇ ನಂಬದಂತಾಗಿತ್ತು.

ಲ್ಯಾಬ್ ಅಕ್ಕ ಹೊಸ ಮೇಷ್ಟ್ರನ್ನು ಬಾಗಿಲ ಮರೆಗೆ ಕರೆದು ಎಲ್ಲ ಹೇಳಿದಳು. ಅವರ ಮುಖದ ಬಣ್ಣ ಇಳಿಯಿತು.

"ಈಗ ಬಾಯಿ ಬಿಡಬೇಡಿ ಅಕ್ಕ."

"ಸರ್, ಹಿಂದಿನ ಇಪ್ಪತ್ತು ಮಕ್ಕಳದ್ದೂ ತಪ್ಪಾಗುತ್ತೆ."

"ಎಲ್ಲರೂ ಮುಂದಿನವರದ್ದು ನೋಡಿ ಬರ್ಕೊತಾರೆ. ಯಾವ ವರ್ಷ ಬರ್ಕೊಂಡಿಲ್ಲ ಹೇಳಿ."

"ನೋಡದೆ ಇರೋರು?"

ಅವರು ಹಣೆ ಒರೆಸಿಕೊಂಡರು. "ಆಕೆ ವರದಿ ಬರೆದ್ರೆ ನನ್ನ ಕೆಲಸನೂ ಹೋಗುತ್ತೆ, ನಿಮ್ಮ ಖಾಯಂ ಕೂಡ ಹೋಗುತ್ತೆ. ಡಬ್ಬಿ ನೋಡಬೇಕಾಗಿದ್ದದ್ದು ನಾನು, ಒಪ್ತೀನಿ. ಆದ್ರೆ ಈಗ ಸುಮ್ನಿರೋದು ಒಳ್ಳೇದು."

ಅವರೇನೂ ಕೆಟ್ಟವರಲ್ಲ, ಹೆದರಿದವರು. ಹೆದರಿಕೆ ಹೇಗಿರುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅತ್ತ ದರಿ, ಇತ್ತ ಪುಲಿ. ಗೋಡೆ ಗಡಿಯಾರದಲ್ಲಿ ಇನ್ನು ಐವತ್ತು ನಿಮಿಷ ಉಳಿದಿತ್ತು. ಒಣಗಿದ ಮೇಜನ್ನೇ ಬಟ್ಟೆಯಿಂದ ಎರಡು ಸಲ ಒರೆಸಿದಳು. ಹೇಳಿದರೆ ಹತ್ತೊಂಬತ್ತು ವರ್ಷ ನೀರಲ್ಲಿ ಹೋಮ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಡಬ್ಬಿಯ ಚೀಟಿಯನ್ನು ನೆನೆಸಿ ಕಿತ್ತರಾಯಿತು. ಈ ಯೋಚನೆ ತನಗೆ ಇಷ್ಟು ಸಲೀಸಾಗಿ ಬಂತಲ್ಲ ಎಂದು ಅವಳಿಗೆ ಇನ್ನಷ್ಟು ಭಯವಾಯಿತು.

ಕೊನೆಗೆ ಡಬ್ಬಿಯನ್ನೂ ಪೆನ್ಸಿಲ್ ಬರೆದ ಪಟ್ಟಿಯನ್ನೂ ಹಿಡಿದು ಪರೀಕ್ಷಕಿಯ ಮೇಜಿನ ಮುಂದೆ ನಿಂತಳು. ಡಬ್ಬಿಯನ್ನು ಮೇಜಿನ ಮೇಲಿಟ್ಟಳು.

"ಏನಿದು?" ಪರೀಕ್ಷಕಿ ತಲೆಯೆತ್ತಿದರು.

"ಹಿಂದಿನ ಎರಡು ಸಾಲಿಗೆ ನಾನು ಮಾಡಿದ ಆಮ್ಲ ತಪ್ಪಾಗಿದೆ ಮೇಡಂ. ಇದರಲ್ಲಿ ನೀರಿಲ್ಲ. ನಾನು ನೀರಿದೆ ಅಂತ ತೂಗಿದೀನಿ. ಆ ಮಕ್ಕಳಿಗೆ ಇಪ್ಪತ್ತು ಬರಲ್ಲ, ಇಪ್ಪತ್ತೆಂಟು ಬರುತ್ತೆ."

"ಇಪ್ಪತ್ತೆಂಟು ಅಂತ ನಿಮಗೆ ಯಾರು ಹೇಳಿದ್ರು?"

"ಲೆಕ್ಕ ಮಾಡಿದೆ."

"ನೀವು?"

ಪಟ್ಟಿಯನ್ನು ತಿರುಗಿಸಿ ತೋರಿಸಿದಳು. ಪೆನ್ಸಿಲ್ ಗೀಚು ಸೊಟ್ಟಗಿತ್ತು, ಅಂಕಿಗಳು ಸರಿಯಿದ್ದವು. ಪರೀಕ್ಷಕಿ ಅದನ್ನು ಮೇಲಿನಿಂದ ಕೆಳಗೆ ಓದಿದರು. ಎದ್ದು, ಎರಡನೇ ಬಾಟಲಿಯಿಂದ ತಾವೇ ಇಪ್ಪತ್ತು ಮಿಲಿ ತೆಗೆದು, ಬಿಸಿ ಮಾಡಿ, ಬ್ಯುರೆಟ್ಟಿನ ಕೆಳಗೆ ಹಿಡಿದರು. ಇಪ್ಪತ್ತು ದಾಟಿತು, ಇಪ್ಪತ್ತೈದು ದಾಟಿತು. ತಳದಲ್ಲಿ ಇನ್ನೂ ಬಣ್ಣ ನಿಂತಿರಲಿಲ್ಲ. ಹೊಸ ಮೇಷ್ಟ್ರು ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದರು. ಲ್ಯಾಬ್ ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬೆರಳು ಬಿಳಚಿಕೊಂಡಿತ್ತು. ಇಪ್ಪತ್ತೆಂಟಕ್ಕೆ ತಿಳಿ ಗುಲಾಬಿ ನಿಂತಿತು.

ಪರೀಕ್ಷಕಿ ಕೋಣೆಯ ನಡುವೆ ಬಂದು ನಿಂತರು. "ಮೂರನೇ, ನಾಲ್ಕನೇ ಸಾಲಿನವರು ಕೇಳಿ. ನಿಮ್ಮ ಬಾಟಲಿಯ ದ್ರಾವಣ ಬೇರೆ. ಅದನ್ನ ಸೊನ್ನೆ ಪಾಯಿಂಟ್ ಸೊನ್ನೆ ಏಳು ಅಂತ ತಗೊಂಡು ಲೆಕ್ಕ ಮಾಡಿ. ಅಂಕಿ ಬದಲಾಯಿಸಿದವರು ಇನ್ನೊಂದು ಸಲ ಮಾಡಬಹುದು. ಅರ್ಧ ಗಂಟೆ ಹೆಚ್ಚು ಕೊಡ್ತೀನಿ. ಯಾರು ಬದಲಾಯಿಸಿದ್ರಿ ಅಂತ ಕೇಳಲ್ಲ."

ಹನ್ನೊಂದು ಮಕ್ಕಳು ಮತ್ತೆ ಬ್ಯುರೆಟ್ ತುಂಬಿಕೊಂಡರು. ಮೂರನೇ ಸಾಲಿನ ಹುಡುಗಿ ಹೊಡೆದುಹಾಕಿದ್ದ ಅಂಕಿಗಳ ಮೇಲೆ ಅವೇ ಅಂಕಿಗಳನ್ನು ಮತ್ತೆ ಬರೆದು, ಸುಮ್ಮನೆ ಅವನ್ನೇ ನೋಡುತ್ತ ಕುಳಿತಳು.

ವರದಿ ಬರೆಯದೆ ವಿಧಿಯಿಲ್ಲ ಎಂದು ಹೊರಡುವಾಗ ಪರೀಕ್ಷಕಿ ಹೇಳಿದರು. "ಆದದ್ದು ಆದ ಹಾಗೇ ಬರೀತೀನಿ. ತಪ್ಪು ಯಾರದ್ದು ಅಂತಾನೂ, ಅದನ್ನ ಹೇಳಿದ್ದು ಯಾರು ಅಂತಾನೂ." ಎರಡನೆಯ ಮಾತನ್ನು ಮೇಲಿನ ಕಚೇರಿಯಲ್ಲಿ ಯಾರಾದರೂ ಓದಿದರೋ ಇಲ್ಲವೋ. ವಾರದೊಳಗೆ ಲ್ಯಾಬ್ ಅಕ್ಕನಿಗೂ ಮೇಷ್ಟ್ರಿಗೂ ಕಾರಣ ಕೇಳಿ ನೋಟಿಸು ಬಂತು. ಅವಳು ಮೂರು ದಿನ ಕೂತು ಉತ್ತರ ಬರೆದಳು. ಗಂಡ ಪಕ್ಕದಲ್ಲಿ ಕೂತು ಕಾಗುಣಿತ ತಿದ್ದಿದ. ಆ ಮೂರು ದಿನ ಅವನು ಒಂದು ಚೇಷ್ಟೆಯನ್ನೂ ಮಾಡಲಿಲ್ಲ. ಅದೇ ಅವಳನ್ನು ಹೆಚ್ಚು ಹೆದರಿಸಿತು.

ಆ ವರ್ಷದ ಪಟ್ಟಿ ಹೊರಬಿದ್ದಾಗ ಅವಳ ಹೆಸರಿರಲಿಲ್ಲ. ಮುಂದಿನ ವರ್ಷವೂ ಇರಲಿಲ್ಲ. ಗುಮಾಸ್ತರು "ಕಡತದಲ್ಲೊಂದು ಕಾಗದ ಅಡ್ಡ ಕೂತಿದೆ" ಎನ್ನುತ್ತಿದ್ದರು. ಪ್ರತಿ ಸಲ ಅಂಚೆಯವನು ಬಂದಾಗ ಅವಳು ಕಿಟಕಿಯಿಂದ ಇಣುಕುತ್ತಿದ್ದಳು. ಹೊಸ ಮೇಷ್ಟ್ರ ಕೆಲಸ ಉಳಿಯಿತು, ಪಕ್ಕಾ ಆಗುವುದು ಮಾತ್ರ ಒಂದು ವರ್ಷ ತಡವಾಯಿತು. ಎರಡು ತಿಂಗಳು ಅವರು ಅವಳೊಡನೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಆಮೇಲೊಂದು ದಿನ ತಾವಾಗಿಯೇ ಬಂದು, "ಅಕ್ಕ, ಕಡತದಲ್ಲಿ ನನ್ನದೂ ಒಂದು ಕಾಗದ ಸೇರಿಸಿದೀನಿ. ಡಬ್ಬಿ ನೋಡೋ ಹೊಣೆ ನನ್ನದಿತ್ತು ಅಂತ" ಎಂದು ನೆಲ ನೋಡುತ್ತ ಹೇಳಿದರು. "ಸರ್, ಬ್ಯುರೆಟ್ ಸ್ಟ್ಯಾಂಡಿನ ಎರಡು ಸ್ಕ್ರೂ ಸಡಿಲ ಆಗಿದೆ" ಎಂದಳು. ಇಬ್ಬರೂ ಕೂತು ಬಿಗಿಮಾಡಿದರು.

ಮೂರನೆಯ ವರ್ಷ, ಅವಳಿಗೆ ನಲವತ್ತೈದಾದಾಗ, ಆದೇಶ ಬಂತು. ಅದನ್ನು ಅವಳು ನಾಲ್ಕು ಸಲ ಓದಿದಳು, ತನ್ನ ಹೆಸರು, ಹುಟ್ಟಿದ ದಿನ, ತಂದೆಯ ಹೆಸರು, ಒಂದೊಂದನ್ನೂ ಬೆರಳಿಟ್ಟು. ಗಂಡನಿಗೂ ಓದಿಸಿದಳು. ಅವನು ಸರಿಯಿದೆ ಎಂದ ಮೇಲೂ ಅಂಗಡಿಗೆ ಹೊರಟಿದ್ದವನನ್ನು ನಿಲ್ಲಿಸಿ, "ಕೆಳಗಡೆ ಸಣ್ಣ ಅಕ್ಷರದಲ್ಲಿ ಏನೋ ಇದೆ, ಅದನ್ನೂ ಒಂದ್ಸಲ ನೋಡ್ಬಿಡಿ" ಎಂದಳು.